ಎಂಟು ಬಗೆ ಬೇಡ, ಒಂದು ಗಂಟು ಸಾಕು

ಪ್ರಿಯ ಡಾಕ್ಟ್ರೇ,

ಮಂಡ್ಯದಿಂದ ನೀವು ಕಳಿಸಿದ, ಡರ್ಮಟೋಫೈಬ್ರೋಮಾ ಅನ್ನುವ ಚರ್ಮದ ಗಂಟಿನ ಲೇಖನ ಸಿಕ್ಕಿತು. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕುವುದಕ್ಕೆ ಆಗುವುದಿಲ್ಲ. ಹಾಗಂತ ವಾಪಸ್ ಕಳಿಸುವುದಕ್ಕೂ ಮನಸ್ಸು ಬರುತ್ತಿಲ್ಲ.

ಮೊದಲ ನಾಲ್ಕು ಪುಟ ಪರೀಕ್ಷೆಗೆ ಓದಿಕೊಂಡ ನೋಟ್ಸ್ ತರ ಇದೆ. ಸೆಲ್ಯುಲರ್, ಎಪಿಥೀಲಿಯಾಯ್ಡ್, ಲಿಪಿಡೈಸ್ಡ್, ಹೀಗೆ ಎಂಟು ಬಗೆ, ಒಂದೊಂದಕ್ಕೂ ಮೂರು ಸಾಲು. ನಿಮ್ಮ ಜೊತೆ ಎಂಡಿ ಮಾಡಿದವರಿಗೆ ಇದೆಲ್ಲ ಗೊತ್ತೇ ಇದೆ. ನಮ್ಮ ಓದುಗರಲ್ಲಿ ಮೇಷ್ಟ್ರುಗಳು, ಲ್ಯಾಬ್ ಟೆಕ್ನಿಷಿಯನ್ನರು, ರಿಟೈರ್ ಆದವರು ಇದ್ದಾರೆ. ಅವರು ಮೂರನೇ ಹೆಸರಿಗೇ ಪುಟ ಮಗುಚುತ್ತಾರೆ. ಕಾಲಿನ ಚರ್ಮದಲ್ಲಿ ಗಟ್ಟಿಯಾಗಿ ಕೈಗೆ ಸಿಗುವ, ಸಾಮಾನ್ಯವಾಗಿ ತೊಂದರೆ ಕೊಡದ ಪುಟ್ಟ ಗಂಟು ಇದು ಅನ್ನುವ ಒಂದು ಮಾತೂ ಎಲ್ಲೂ ಇಲ್ಲ.

ಐದನೇ ಪುಟಕ್ಕೆ ಬಂದಾಗ ನಾನು ನೆಟ್ಟಗೆ ಕೂತೆ. ಕಬ್ಬು ಬೆಳೆಯುವ ಒಬ್ಬರ ಮೊಣಕಾಲ ಕೆಳಗೆ ಕಪ್ಪು-ನೀಲಿ ಗಂಟು. ಬೇಗ ದಪ್ಪ ಆಯಿತು ಅಂತ ಅವರು ಹೆದರಿದ್ದಾರೆ. ಸರ್ಜನ್ ಫಾರಂನಲ್ಲಿ ‘ಮೆಲನೋಮಾ?’ ಅಂತ, ಅಂದರೆ ಚರ್ಮದ ಕ್ಯಾನ್ಸರ್ ಇರಬಹುದೇ ಅಂತ ಬರೆದಿದ್ದಾರೆ. ಆ ಪ್ರಶ್ನೆ ಚಿಹ್ನೆ ಇಟ್ಟುಕೊಂಡು ನೀವು ಸ್ಲೈಡ್ ನೋಡಲು ಕೂತಿದ್ದೀರಿ. ಕತೆ ಶುರುವಾಗುವುದೇ ಇಲ್ಲಿ, ಅಲ್ವಾ? ನೀವು ಮಾತ್ರ ‘ಪರ್ಲ್ಸ್ ಸ್ಟೇನ್ ಮಾಡಲಾಯಿತು, ಅನ್ಯೂರಿಸ್ಮಲ್ ಬಗೆ ಎಂದು ತೀರ್ಮಾನಿಸಲಾಯಿತು’ ಅಂತ ಎರಡು ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಮಾಡಿದ್ದು ಯಾರು, ಯಾಕೆ?

ನಾನೂ ಮೈಸೂರಲ್ಲಿ ಬಹಳ ವರ್ಷ ಸ್ಲೈಡ್ ನೋಡಿಯೇ ಸಂಬಳ ತಗೊಂಡವನು. ಹಾಗಾಗಿ ಕೇಳುತ್ತೇನೆ. ಜೀವಕೋಶಗಳಲ್ಲಿ ಕಂದು ಬಣ್ಣದ ಹರಳು ಕಂಡಾಗ ನಿಮಗೆ ಏನನ್ನಿಸಿತು? ಅದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇರಬಹುದು, ಇಲ್ಲವೇ ಸೋರಿದ ರಕ್ತದಿಂದ ಉಳಿದ ಕಬ್ಬಿಣ. ಮಾಮೂಲಿ ಗುಲಾಬಿ-ನೇರಳೆ ಸ್ಟೇನಿನಲ್ಲಿ ಎರಡೂ ಕಂದೇ. ಪರ್ಲ್ಸ್ ಹಾಕಿದರೆ ಕಬ್ಬಿಣ ನೀಲಿ ಆಗುತ್ತದೆ, ಮೆಲನಿನ್ ಆಗುವುದಿಲ್ಲ. ಕ್ಯಾನ್ಸರ್ ಭಯದಲ್ಲಿ ಬಂದ ಮನುಷ್ಯನ ಸ್ಲೈಡು ಕಣ್ಣೆದುರೇ ನೀಲಿ ತಿರುಗಿದೆ! ಅದನ್ನು ಬರೆಯಿರಿ. ನೀಲಿ ಬಂದ ಮಾತ್ರಕ್ಕೆ ಮುಗಿಯಲಿಲ್ಲ ಅನ್ನುವುದನ್ನೂ ಬರೆಯಿರಿ. ಮೆಲನೋಮಾದಲ್ಲೂ ರಕ್ತ ಸೋರುತ್ತದೆ ತಾನೇ?

ಆಮೇಲೆ ಅನ್ಯೂರಿಸ್ಮಲ್ ಅನ್ನುವ ಹೆಸರಿಗೇ ಕಾರಣವಾದ, ರಕ್ತ ತುಂಬಿದ ಸಂದುಗಳು. ಅವುಗಳಿಗೆ ನಿಜವಾದ ರಕ್ತನಾಳಕ್ಕಿರುವ ಒಳಪದರ ಇಲ್ಲ ಅನ್ನುವುದು ದೊಡ್ಡ ಸುಳಿವು. ಗಂಟಿನ ಅಂಚಿಗೆ ಹೋದರೆ ಕೊಲಾಜೆನ್ ಅನ್ನುವ ನಾರಿನ ಎಳೆಗಳನ್ನು ಕೋಶಗಳು ಸುತ್ತುವರಿದಿರುತ್ತವೆ. ಮೇಲಿನ ಚರ್ಮ ದಪ್ಪವಾಗಿ, ಅದರ ತಳ ಕಂದಾಗಿರುತ್ತದೆ. ನೀವು ಯಾವ ಕ್ರಮದಲ್ಲಿ ನೋಡಿದಿರೋ ಅದೇ ಕ್ರಮದಲ್ಲಿ ಹೇಳಿ. ಅನುಮಾನ ಒಂದೊಂದಾಗಿ ಹೇಗೆ ಬಿಟ್ಟುಹೋಯಿತು ಅಂತ ಓದುಗರಿಗೆ ಗೊತ್ತಾದರೆ, ಬಗೆಗಳ ಪಟ್ಟಿ ಯಾರಿಗೂ ಬೇಕಾಗುವುದಿಲ್ಲ.

ತಪ್ಪುಗಳ ವಿಷಯಕ್ಕೆ ಬರುತ್ತೇನೆ. ಅನ್ಯೂರಿಸ್ಮಲ್ ಬಗೆ, ಆಂಜಿಯೋಮಟಾಯ್ಡ್ ಫೈಬ್ರಸ್ ಹಿಸ್ಟಿಯೋಸೈಟೋಮಾ ಎರಡೂ ಒಂದೇ ಅಂದಿದ್ದೀರಿ. ಅಲ್ಲ. ಎರಡನೆಯದು ಎನ್‌ಜಿಂಗರ್ 1979ರಲ್ಲಿ ವಿವರಿಸಿದ ಬೇರೆಯದೇ ಗೆಡ್ಡೆ. 1981ರಲ್ಲಿ ಸಾಂತಾ ಕ್ರೂಸ್ ಮತ್ತು ಕಿರಿಯಾಕೋಸ್ ಅನ್ಯೂರಿಸ್ಮಲ್ ಬಗೆಯ ಬಗ್ಗೆ ಬರೆದಾಗ ‘ಆಂಜಿಯೋಮಟಾಯ್ಡ್’ ಅನ್ನುವ ಪದವನ್ನೂ ಪಕ್ಕದಲ್ಲಿ ಇಟ್ಟರು, ಗೊಂದಲ ಅಲ್ಲಿಂದ ಬಂತು.

‘ಸಿಡಿ34 ಪಾಸಿಟಿವ್ ಬಂದರೆ ಡಿಎಫ್‌ಎಸ್‌ಪಿ’ ಅನ್ನುವುದು ಅರ್ಧ ನಿಜ. ಸಿಡಿ34 ಕೋಶದ ಮೇಲಿನ ಒಂದು ಪ್ರೋಟೀನ್ ಹುಡುಕುವ ಸ್ಟೇನ್, ಡಿಎಫ್‌ಎಸ್‌ಪಿ ಚರ್ಮದ ಇನ್ನೊಂದು ಗೆಡ್ಡೆ. ಕೊಬ್ಬಿನೊಳಗೆ ಜೇನುಗೂಡಿನ ಹಾಗೆ ನುಸುಳುವ ಆ ಗೆಡ್ಡೆಯಲ್ಲಿ ಸಿಡಿ34 ಸಾಮಾನ್ಯವಾಗಿ ಎಲ್ಲ ಕಡೆ ಬರುತ್ತದೆ. ಸೆಲ್ಯುಲರ್ ಡರ್ಮಟೋಫೈಬ್ರೋಮಾದ ಅಂಚಲ್ಲೂ ಅಷ್ಟಿಷ್ಟು ಬರಬಹುದು. ಎಲ್ಲಿ, ಎಷ್ಟು ಬಂತು ಅಂತ ನೋಡಬೇಕು. ಒಂದೇ ಸ್ಟೇನ್ ನಂಬಿ ರಿಪೋರ್ಟ್ ಕೊಟ್ಟರೆ ರೋಗಿಗೆ ಸುಮ್ನೆ ದೊಡ್ಡ ಆಪರೇಷನ್ ಆಗುತ್ತದೆ.

ಕೊನೆಯಲ್ಲಿ ‘ಹಾನಿಯಿಲ್ಲದ ಗೆಡ್ಡೆ, ಹೆದರಬೇಕಿಲ್ಲ’ ಅಂದಿದ್ದೀರಿ. ಸಮಾಧಾನ ಹೇಳುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅನ್ಯೂರಿಸ್ಮಲ್ ಬಗೆ ಮಾಮೂಲಿ ಡರ್ಮಟೋಫೈಬ್ರೋಮಾಕ್ಕಿಂತ ಜಾಸ್ತಿ ಸಲ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಹಾಗಾಗಿ ಪೂರ್ತಿ ತೆಗೆಯಬೇಕು, ತೆಗೆದ ತುಂಡಿನ ಅಂಚಿನವರೆಗೂ ಗಂಟು ಇದೆಯೇ ಅಂತ ನೋಡಬೇಕು. ನಿಮ್ಮ ರೋಗಿಗೆ ಅಂಚು ಸರಿ ಇತ್ತಾ? ಲೇಖನದಲ್ಲಿ ಇಲ್ಲ.

ಊರಿನ ಹೆಸರು, ವಯಸ್ಸು ತೆಗೆದುಬಿಡಿ. ಸಣ್ಣ ಊರು, ಯಾರ ಕಾಲು ಅಂತ ಗೊತ್ತಾಗಿಬಿಡುತ್ತದೆ. ಅವರ ಒಪ್ಪಿಗೆಯನ್ನೂ ಕೇಳಿ.

ಎಂಟರಲ್ಲಿ ಏಳು ಬಗೆ ಬಿಟ್ಟು ಎರಡೂವರೆ ಪುಟಕ್ಕೆ ಇಳಿಸಿ. ಎರಡು ಫೋಟೋ ಸಾಕು: ಇಡೀ ಗಂಟು ಕಾಣುವಂಥ ಕಡಿಮೆ ಪವರ್‌ನದು ಒಂದು, ನೀಲಿ ಬಂದದ್ದು ಒಂದು. ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಬಣ್ಣ ಹಾಳಾಗುತ್ತದೆ. ಇಮೇಲ್ ಮಾಡಿ. ಮೈಸೂರಿಗೆ ಬರುವ ಕೆಲಸ ಇದ್ದರೆ ಸ್ಲೈಡೇ ತನ್ನಿ. ನನ್ನ ಹಳೇ ಮೈಕ್ರೋಸ್ಕೋಪು ಇನ್ನೂ ಕೆಲಸ ಮಾಡುತ್ತದೆ.

ಇಂತಿ,
ಸಂಪಾದಕ