ಅಂಟುಪಟ್ಟಿಯ ಮೇಲಿನ ಉಣುಗು

ಪ್ರೀತಿಯ ತಂಗಿ,

ವೈರಾಣು ಸಂಶೋಧನೆಗೆಂದು ಜರ್ಮನಿಯ ಫ್ರೈಬುರ್ಗ್‌ಗೆ ಬರುವ ಮೊದಲು ನೀನು ಎರಡು ಪ್ರಶ್ನೆ ಕೇಳಿದ್ದೀಯೆ: ಅಲ್ಲಿ ಇಂಗ್ಲಿಷ್ ಸಾಕೇ, ಒಂಟಿತನ ಕಾಡುತ್ತದೆಯೇ ಎಂದು. ಪ್ರಯೋಗಾಲಯದಲ್ಲಿ ಇಂಗ್ಲಿಷ್ ಸಾಕು. ಒಂಟಿತನ ಕಾಡುವುದೂ ಅದೇ ಕಾರಣಕ್ಕೆ.

ಮೊದಲ ಎರಡು ವರ್ಷ ನಾನು ಮೆಟ್ಟಿಲಿನಲ್ಲಿ ಎದುರಾದವರಿಗೆ ನಮಸ್ಕಾರ ಹೇಳಿ ಒಳಗೆ ಹೋಗುತ್ತಿದ್ದೆ. ಒಂದು ಮೇ ತಿಂಗಳ ಸಂಜೆ ಕೆಳಮನೆಯ ಅಜ್ಜಿ ಬಾಗಿಲು ತಟ್ಟಿದರು. ಅವರ ಕೈಯಲ್ಲಿ ಅಂಟುಪಟ್ಟಿಯ ತುಂಡು. ಅದರಲ್ಲಿ ಎಳ್ಳಿನಷ್ಟು ದೊಡ್ಡ ಉಣುಗು, ಕಾಲು ಇನ್ನೂ ಆಡುತ್ತಿತ್ತು. ತೋಟದಲ್ಲಿ ಮೊಣಕಾಲಿನ ಹಿಂದೆ ಕಚ್ಚಿತ್ತಂತೆ. 'ನೀವು ವೈರಸ್ ಓದಿದವರು, ನನಗೇನಾಗುತ್ತದೆ?' ಎಂದರು. ನಾನು ಹರಕು ಜರ್ಮನ್‌ನಲ್ಲಿ ಶೇಕಡಾವಾರು ಲೆಕ್ಕ ಒಪ್ಪಿಸಿದೆ. ಅವರ ಮುಖ ಇನ್ನಷ್ಟು ಬಾಡಿತು.

ರಾತ್ರಿ ನಿಘಂಟು ಹಿಡಿದು ಕುಳಿತು, ಮರುದಿನ ನಾನೇ ಇಳಿದು ಹೋದೆ. ಮಿದುಳುರಿಯೂತ ತರುವ ವೈರಾಣು ಉಣುಗಿನ ಜೊಲ್ಲಿನಲ್ಲಿರುತ್ತದೆ, ಕಚ್ಚಿದ ಕೆಲವೇ ನಿಮಿಷಗಳಲ್ಲಿ ದಾಟಬಲ್ಲದು. ಅದಕ್ಕೆ ಮದ್ದಿಲ್ಲ, ಲಸಿಕೆಯಿದೆ. ಉಣುಗು ಹರಡುವ ಇನ್ನೊಂದು ಕಾಯಿಲೆ ಲೈಮ್ ರೋಗ, ಅದರ ಬ್ಯಾಕ್ಟೀರಿಯಾ ಉಣುಗಿನ ಕರುಳಿನಲ್ಲಿರುತ್ತದೆ, ದಾಟಲು ಸಾಮಾನ್ಯವಾಗಿ ಹಲವು ಗಂಟೆ ಬೇಕು. ಹಾಗಾಗಿ ಬೇಗ ಕಿತ್ತದ್ದು ಒಳ್ಳೆಯದಾಯಿತು, ಚರ್ಮದಲ್ಲಿ ಕೆಂಪು ಉಂಗುರ ಹರಡಿದರೆ ವೈದ್ಯರ ಬಳಿ ಹೋಗಿ ಎಂದೆ. ಅಜ್ಜಿ ಹಳದಿ ಬಣ್ಣದ ಲಸಿಕೆ ಪುಸ್ತಕ ತಂದು ಬಿಡಿಸಿದರು. ಮುಂದಿನ ಚುಚ್ಚುಮದ್ದಿನ ಗಡುವು ದಾಟಿತ್ತು. ಈ ಉಣುಗಿನಲ್ಲಿ ವೈರಾಣು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಆಗಲೇ ಅವರು ಕಾಫಿಗೆ ನೀರಿಟ್ಟದ್ದು.

'ಗೊತ್ತಿಲ್ಲ' ಎನ್ನುವ ಧೈರ್ಯವನ್ನು ನಾನು ಕಲಿತದ್ದು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ವೈರಾಣುತಜ್ಞ ಕ್ರಿಸ್ಟಿಯಾನ್ ಡ್ರೋಸ್ಟನ್ ಅವರಿಂದ. 2020ರ ಫೆಬ್ರವರಿ ಕೊನೆಯಲ್ಲಿ ಅವರು ಎನ್‌ಡಿಆರ್ ರೇಡಿಯೋದ ಪಾಡ್‌ಕಾಸ್ಟ್‌ನಲ್ಲಿ ಕೊರೊನಾ ಬಗ್ಗೆ ಮಾತಾಡಲು ಶುರು ಮಾಡಿದರು. ಹೊಸ ಮಾಹಿತಿ ಬಂದರೆ ತಮ್ಮ ಮಾತನ್ನು ಎಲ್ಲರೆದುರು ತಿದ್ದಿಕೊಳ್ಳುತ್ತಿದ್ದರು. ಕೊಲೆ ಬೆದರಿಕೆಗಳೂ ಬಂದವು. ಅವರು ವಿವರಿಸುವುದನ್ನು ನಿಲ್ಲಿಸಲಿಲ್ಲ. ಆ ಸಂಚಿಕೆಗಳು ನಿನಗೆ ಜರ್ಮನ್ ಪಾಠವೂ ಆಗುತ್ತವೆ.

ಬಂದ ಕೂಡಲೇ ಉಣುಗಿನ ಮಿದುಳುರಿಯೂತದ ಲಸಿಕೆಯ ಮೂರು ಚುಚ್ಚುಮದ್ದು ಶುರು ಮಾಡು, ನಾವಿರುವುದು ಅಪಾಯದ ಪ್ರದೇಶದಲ್ಲಿ. ಸಂಜೆಯ ಜರ್ಮನ್ ತರಗತಿಯನ್ನು ಪ್ರಯೋಗ ಮುಗಿಯಲಿಲ್ಲವೆಂದು ತಪ್ಪಿಸಬೇಡ.

ಇನ್ನೊಂದು ಮಾತು. ಮಿದುಳುರಿಯೂತದ ಈ ವೈರಾಣು, ಉಣುಗಿನಿಂದಲೇ ಹರಡುವ ನಮ್ಮ ಮಂಗನ ಕಾಯಿಲೆಯ ವೈರಾಣುವಿನ ಹತ್ತಿರದ ಬಂಧು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಗೊತ್ತಾದ ಆ ರೋಗ ಇಂದಿಗೂ ತರಗೆಲೆ ತರಲು ಹೋದವರನ್ನು ಕೆಡವುತ್ತದೆ. ಕಳೆದ ಸಲ ಸಾಗರಕ್ಕೆ ಹೋದಾಗ ಸೋದರಮಾವ ಕೇಳಿದರು: 'ನಿಮ್ಮಲ್ಲಿ ಒಳ್ಳೆಯ ಲಸಿಕೆ ಇದೆಯಂತೆ, ನಮಗೆ ಯಾಕಿಲ್ಲ?' ಮಂಗನ ಕಾಯಿಲೆಯ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡಲಿಲ್ಲ, ನಿಲ್ಲಿಸಿದರು. ಹೊಸದರ ಕೆಲಸ ನಡೆಯುತ್ತಿದೆ ಎಂದೆ. ಅವರು ಮತ್ತೆ ಕೇಳಿದರು: 'ಯಾವಾಗ ಬರುತ್ತದೆ?' ಅಲ್ಲಿಯೂ ಗೊತ್ತಿಲ್ಲ ಎಂದೇ ಹೇಳಿದೆ, ಕನ್ನಡದಲ್ಲಿ.

ನಿನ್ನ ಅಕ್ಕ