ಅಳಿಸಿಹೋದ ಅಂಕಗಳು, ನಡುಗುವ ಕೈ: ಒಂದು ಆಪ್ತಸಲಹೆ ಪ್ರಕರಣ

ತುಮಕೂರಿನ ಒಂದು ಕಾಲೇಜಿನಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತಂದೆಯ ಜೊತೆ ನನ್ನಲ್ಲಿಗೆ ಬಂದಿದ್ದಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಹೆಸರನ್ನೂ ಕಾವ್ಯ ಎಂದು ಇಟ್ಟುಕೊಂಡಿದ್ದೇನೆ. ಗುಬ್ಬಿ ಕಡೆಯ ತೆಂಗು, ಅಡಿಕೆ ತೋಟದ ಮನೆ ಅವರದು. ಬೆಂಗಳೂರಿನ ತರಬೇತಿ ಕೇಂದ್ರವೊಂದು ಸರ್ವರ್ ಮತ್ತು ಡೇಟಾಬೇಸ್ ನಿರ್ವಹಣೆಯ ಆರು ತಿಂಗಳ ಕೋರ್ಸಿಗೆ 80,000 ರೂಪಾಯಿ ಕೇಳುತ್ತಿದೆ, ಕೆಲಸ ಖಚಿತ ಎನ್ನುತ್ತಿದೆ, ಸೊಸೈಟಿಯಲ್ಲಿ ಸಾಲ ತೆಗೆದು ಸೇರಿಸಬಹುದೇ ಎಂಬುದು ತಂದೆಯ ಪ್ರಶ್ನೆಯಾಗಿತ್ತು. ಮಗಳು ಅರ್ಧ ಗಂಟೆಯಲ್ಲಿ ಒಂದು ಮಾತನ್ನೂ ಆಡಲಿಲ್ಲ. ಆದ್ದರಿಂದ ಮುಂದಿನ ಭೇಟಿಗೆ ಅವಳೊಬ್ಬಳನ್ನೇ ಕರೆದೆ.

ಎರಡನೆಯ ಭೇಟಿಯಲ್ಲಿ ವಿಷಯ ಹೊರಬಂತು. ಅವಳ ವಿಭಾಗದ ಲ್ಯಾಬಿನಲ್ಲಿದ್ದ ಸಣ್ಣ ಸರ್ವರ್‌ನಲ್ಲಿ, ಅಂದರೆ ಎಲ್ಲರ ಮಾಹಿತಿ ಇಡುವ ಕಂಪ್ಯೂಟರಿನಲ್ಲಿ, ಆಂತರಿಕ ಪರೀಕ್ಷೆಯ ಅಂಕಗಳನ್ನು ಮೈಎಸ್‌ಕ್ಯೂಎಲ್ ಎಂಬ ತಂತ್ರಾಂಶದ ಡೇಟಾಬೇಸಿನಲ್ಲಿ ಕೋಷ್ಟಕಗಳಾಗಿ ಇಡುತ್ತಿದ್ದರು. ಆಸಕ್ತಿಯಿದೆ ಎಂದು ಅದರ ಉಸ್ತುವಾರಿಯನ್ನು ಕಾವ್ಯಳಿಗೇ ಬಿಟ್ಟಿದ್ದರು. ಒಬ್ಬ ವಿದ್ಯಾರ್ಥಿಯ ಅಂಕವನ್ನು ತಿದ್ದಬೇಕಾಗಿದ್ದ ಒಂದು ಸಂಜೆ, ಬಸ್ಸಿನ ಹೊತ್ತಾಯಿತೆಂಬ ಅವಸರದಲ್ಲಿ ಅವಳು ಅಪ್‌ಡೇಟ್ ಆಜ್ಞೆಯನ್ನು ಬರೆದು, ಯಾವ ಸಾಲನ್ನು ತಿದ್ದಬೇಕೆಂದು ಹೇಳುವ ವೇರ್ ಭಾಗವನ್ನು ಬಿಟ್ಟು ಎಂಟರ್ ಒತ್ತಿದ್ದಳು. ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕ ಕ್ಷಣಾರ್ಧದಲ್ಲಿ 17 ಆಯಿತು. ಪ್ರತಿ ರಾತ್ರಿ ಬ್ಯಾಕಪ್, ಅಂದರೆ ಮಾಹಿತಿಯ ಮೀಸಲು ನಕಲು, ತೆಗೆಯುವ ವ್ಯವಸ್ಥೆಯೇನೋ ಇತ್ತು. ಆದರೆ ಡಿಸ್ಕ್ ತುಂಬಿ ತಿಂಗಳುಗಳಿಂದ ಖಾಲಿ ಫೈಲುಗಳಷ್ಟೇ ಉಳಿಯುತ್ತಿದ್ದುದನ್ನು ಯಾರೂ ತೆರೆದು ನೋಡಿರಲಿಲ್ಲ. ಅಧ್ಯಾಪಕರು ಎರಡು ದಿನ ಕೂತು ರಿಜಿಸ್ಟರ್ ನೋಡಿ ಎಲ್ಲವನ್ನೂ ಮತ್ತೆ ತುಂಬಿದರು. ದೊಡ್ಡ ಶಿಕ್ಷೆಯೇನೂ ಆಗಲಿಲ್ಲ. "ಇನ್ನು ಮೇಲೆ ನೀನು ಸರ್ವರ್ ಮುಟ್ಟಬೇಡ" ಎಂಬ ಒಂದು ಮಾತು ಮಾತ್ರ ಬಂತು. ಆ ಮಾತು ನಾಲ್ಕು ತಿಂಗಳಿಂದ ಅವಳ ಎದೆಯಲ್ಲಿ ಕೂತಿತ್ತು. ಆಜ್ಞೆ ಬರೆಯುವ ಕಪ್ಪು ಪರದೆ ಕಂಡರೆ ಅಂಗೈ ಬೆವರುತ್ತಿತ್ತು, ಪ್ರಾಯೋಗಿಕ ತರಗತಿಗಳನ್ನು ತಪ್ಪಿಸುತ್ತಿದ್ದಳು, ನಸುಕಿನ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ರೆ ಬರುತ್ತಿರಲಿಲ್ಲ. ದುಬಾರಿ ಕೋರ್ಸನ್ನು ಆರಿಸಿದ್ದವಳೂ ಅವಳೇ. ಅಲ್ಲಿಗೆ ಹೋದರೆ ಈ ಭಯ ತಾನಾಗಿ ಹೋದೀತೆಂದು ನಂಬಿದ್ದಳು.

ಇದು ಕೋರ್ಸಿನ ಪ್ರಶ್ನೆಯಲ್ಲ ಎಂದು ನನಗೆ ಅನ್ನಿಸಿತು, ಆದರೆ ತಾಂತ್ರಿಕ ವಿಷಯದಲ್ಲಿ ನನ್ನ ಅನಿಸಿಕೆಯನ್ನು ನಾನೇ ನಂಬುವಂತಿರಲಿಲ್ಲ. ಅವಳ ಒಪ್ಪಿಗೆಯಿಂದ, ಹೆಸರು ಹೇಳದೆ, ಪರಿಚಯದ ಡೇಟಾಬೇಸ್ ನಿರ್ವಾಹಕರೊಬ್ಬರಿಗೆ ನಡೆದುದನ್ನು ವಿವರಿಸಿದೆ. ಅವರು ಯಾರು ಮಾಡಿದ್ದು ಎಂದು ಕೇಳಲಿಲ್ಲ. "ಬ್ಯಾಕಪ್ ಇತ್ತೇ, ಅದನ್ನು ಯಾವತ್ತಾದರೂ ರೀಸ್ಟೋರ್ ಮಾಡಿ, ಅಂದರೆ ಅದರಿಂದ ಮಾಹಿತಿ ಮರಳಿ ತಂದು, ನೋಡಿದ್ದರೇ" ಎಂದು ಕೇಳಿದರು. ಈ ಪ್ರಕರಣದಲ್ಲಿ ನನ್ನ ದಾರಿಯನ್ನು ತಿದ್ದಿದ್ದು ಆ ಪ್ರಶ್ನೆ. ಮುಂದಿನ ಭೇಟಿಯಲ್ಲಿ ಕಾವ್ಯಳಿಗೆ ಒಂದು ಕಾಗದ ಕೊಟ್ಟು, ಆ ಸಂಜೆಯ ಹೊಣೆ ಯಾರ ಯಾರ ಪಾಲಿಗೆ ಎಷ್ಟು ಎಂದು ಬರೆಯಲು ಹೇಳಿದೆ. ಮೊದಲು ಇಡೀ ಹಾಳೆಯನ್ನು ತನ್ನ ಹೆಸರಿಗೇ ಬರೆದುಕೊಂಡಳು. ಆಮೇಲೆ ನಿಧಾನವಾಗಿ, ತುಂಬಿಹೋಗಿದ್ದ ಡಿಸ್ಕ್, ಯಾರೂ ನೋಡದ ಬ್ಯಾಕಪ್, ವಿದ್ಯಾರ್ಥಿನಿಗೆ ಪೂರ್ಣ ಅಧಿಕಾರ ಕೊಟ್ಟ ಲಾಗಿನ್ ಇವೆಲ್ಲ ಹಾಳೆಯಲ್ಲಿ ಜಾಗ ಪಡೆದವು. ತನ್ನ ಪಾಲನ್ನು ಅವಳು ಅಳಿಸಲಿಲ್ಲ, ನಾನೂ ಅಳಿಸಲು ಹೇಳಲಿಲ್ಲ.

ನಿರ್ವಾಹಕರು ಹೇಳಿದ ಒಂದು ಘಟನೆಯನ್ನೂ ಅವಳಿಗೆ ತಿಳಿಸಿದೆ. 2017ರ ಜನವರಿ 31ರಂದು ತಂತ್ರಾಂಶ ಬರೆಯುವವರ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ರಾತ್ರಿ ಹೊತ್ತು ಕೆಲಸ ಮಾಡುತ್ತಾ, ನಕಲು ಡೇಟಾಬೇಸ್ ಇರುವ ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನ ಸುಮಾರು 300 ಜಿಬಿ ಮಾಹಿತಿಯನ್ನು ಅಳಿಸತೊಡಗಿದರು. ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಕೆಲವೇ ಜಿಬಿ ಉಳಿದಿತ್ತು. ನಿತ್ಯದ ಬ್ಯಾಕಪ್ ವಿಧಾನಗಳು ಕೈಕೊಟ್ಟವು. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ನಕಲು ಮಾತ್ರ ಕಾಪಾಡಿತು. ಸಂಸ್ಥೆ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಬರೆದು ಪ್ರಕಟಿಸಿತು. ಇದನ್ನು ಕೇಳಿ ಕಾವ್ಯ ಅತ್ತಳು. ಆ ದಿನ ಬೇರೇನನ್ನೂ ಮಾತಾಡಲಿಲ್ಲ.

ಭಯಪಡುವ ಸಂಗತಿಯನ್ನು ಹಂತ ಹಂತವಾಗಿ, ಅಪಾಯವಿಲ್ಲದ ಜಾಗದಲ್ಲಿ ಎದುರಿಸುವುದು ನಮ್ಮ ವೃತ್ತಿಯ ಹಳೆಯ ವಿಧಾನ. ಅದಕ್ಕೆ ಬೇಕಾದ ಮೆಟ್ಟಿಲುಗಳನ್ನು ನಿರ್ವಾಹಕರ ನೆರವಿನಿಂದ ಕಟ್ಟಿದೆವು. ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ) ಹಾಕಿ, ಅದರೊಳಗೆ ಉಬುಂಟು ಸರ್ವರ್ (ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ಒಂದು ಬಗೆ) ಮತ್ತು ಮೈಎಸ್‌ಕ್ಯೂಎಲ್ ಹಾಕಿಕೊಳ್ಳಬೇಕು, ಇವೆಲ್ಲ ಉಚಿತ. ಸುಳ್ಳು ಹೆಸರುಗಳ ಅಂಕಪಟ್ಟಿ ಮಾಡಬೇಕು. ಮೊದಲ ವಾರ ತಿದ್ದುವ ಮುನ್ನ ಅದೇ ವೇರ್ ಷರತ್ತಿನಿಂದ ಸಾಲುಗಳನ್ನು ತೋರಿಸುವಷ್ಟೇ ಮಾಡುವ ಸೆಲೆಕ್ಟ್ ಆಜ್ಞೆ ಓಡಿಸಿ ಎಷ್ಟು ಸಾಲು ಬರುತ್ತವೆಂದು ಎಣಿಸುವುದು, ಬದಲಾವಣೆ ಕೂಡಲೇ ಕಾಯಂ ಆಗದಂತೆ ಸ್ಟಾರ್ಟ್ ಟ್ರಾನ್ಸಾಕ್ಷನ್ ಎಂದು ಆರಂಭಿಸಿ ಬೇಕೆಂದೇ ತಪ್ಪು ಮಾಡಿ ರೋಲ್‌ಬ್ಯಾಕ್‌ನಿಂದ ಹಿಂದಕ್ಕೆ ಬರುವುದು. ಎರಡನೆಯ ವಾರ ಬ್ಯಾಕಪ್ ತೆಗೆದು, ಇಡೀ ಡೇಟಾಬೇಸನ್ನು ಕೈಯಾರೆ ಅಳಿಸಿ, ಗಡಿಯಾರ ಇಟ್ಟುಕೊಂಡು ಮರಳಿ ತರುವುದು. ಮೈಎಸ್‌ಕ್ಯೂಎಲ್‌ನಲ್ಲಿ ಸೇಫ್ ಅಪ್‌ಡೇಟ್ಸ್ ಎಂಬ ಆಯ್ಕೆಯಿದ್ದು, ಅದನ್ನು ಹಾಕಿಕೊಂಡರೆ ಅವಳು ಬರೆದಂಥ ಆಜ್ಞೆಯನ್ನು ಅದು ತಿರಸ್ಕರಿಸುತ್ತದೆ. ಮೂರು ವರ್ಷ ಓದಿದರೂ ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ ಎಂಬುದು ನನಗೆ ನಿಜಕ್ಕೂ ನೋವು ತಂದ ಸಂಗತಿ. ಕೋಷ್ಟಕಗಳನ್ನು ಹೇಗೆ ಒಡೆಯಬೇಕೆಂಬ ನಾರ್ಮಲೈಸೇಶನ್ನಿನ ಪಾಠ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಟ್ಟುಹೋದದ್ದನ್ನು ಮರಳಿ ತರುವ ಅಭ್ಯಾಸವಿಲ್ಲದೆ ಮಕ್ಕಳ ಕೈಗೆ ನಿಜವಾದ ಸರ್ವರ್ ಕೊಡುವುದು ಅನ್ಯಾಯ.

ನಿದ್ರೆ ಇನ್ನೂ ಕೆಟ್ಟರೆ ಅಥವಾ ಬದುಕೇ ಬೇಡವೆನಿಸಿದರೆ ನನಗಾಗಿ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕೆಂದು ಬರೆದುಕೊಟ್ಟೆ.

ತಂದೆಯ ಪ್ರಶ್ನೆಗೂ ಉತ್ತರ ಕೊಡಬೇಕಿತ್ತು. ಸಾಲ ಮಾಡುವ ಮುನ್ನ ತರಬೇತಿ ಕೇಂದ್ರಕ್ಕೆ ಹೋಗಿ, ಪ್ರತಿ ವಿದ್ಯಾರ್ಥಿಗೂ ಕೆಡಿಸಿ ಕಟ್ಟಲು ತನ್ನದೇ ಆದ ಸರ್ವರ್ ಕೊಡುತ್ತೀರಾ, ರೀಸ್ಟೋರ್ ಅಭ್ಯಾಸಕ್ಕೆ ಎಷ್ಟು ಗಂಟೆ ಇದೆ, ಕೆಲಸದ ಭರವಸೆಯನ್ನು ಶುಲ್ಕ ವಾಪಸಿಯ ಷರತ್ತಿನೊಡನೆ ಬರೆದುಕೊಡುತ್ತೀರಾ ಎಂದು ಕೇಳುವಂತೆ ಹೇಳಿದೆ. ಅಲ್ಲಿ ಕೊನೆಯ ಪ್ರಶ್ನೆಗೆ ಮಾತು ತೇಲಿಸಿದರಂತೆ, ಮೊದಲ ಪ್ರಶ್ನೆಗೆ ಇಬ್ಬರಿಗೆ ಒಂದು ಎಂದರಂತೆ. ಲಿನಕ್ಸ್ ಆಡಳಿತಕ್ಕೆ ರೆಡ್ ಹ್ಯಾಟ್ ಕಂಪನಿ ಕೊಡುವ ಆರ್‌ಎಚ್‌ಸಿಎಸ್‌ಎ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳಿಲ್ಲ, ಯಂತ್ರದ ಮುಂದೆ ಕೂತು ಕೆಲಸ ಮಾಡಿಯೇ ತೋರಿಸಬೇಕು. ಹಣ ಖರ್ಚು ಮಾಡುವುದಾದರೆ ಒಂದು ವರ್ಷದ ಅಭ್ಯಾಸದ ನಂತರ ಅಂಥ ಪರೀಕ್ಷೆಗೆ ಮಾಡಿ ಎಂದೆ. ಅಲ್ಲಿಯವರೆಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಉಚಿತವಾಗಿ ಸಿಗುತ್ತವೆ, ಲಿನಕ್ಸ್ ಪಾಠಗಳು ಕನ್ನಡದಲ್ಲೂ ಇವೆ.

ಆರು ವಾರದ ನಂತರ ಕಾವ್ಯ ಒಂದು ನೋಟ್‌ಬುಕ್ ತಂದಳು. ಮೊದಲ ರೀಸ್ಟೋರ್‌ಗೆ 52 ನಿಮಿಷ, ಕಾರಣ ಪಾಸ್‌ವರ್ಡ್ ಮರೆತದ್ದು. ಹನ್ನೊಂದನೆಯದಕ್ಕೆ 7 ನಿಮಿಷ. ನಡುವೆ ಎರಡು ಸಲ ಕರೆಂಟ್ ಹೋಗಿದ್ದನ್ನೂ ಬರೆದಿದ್ದಳು. ಅದೇ ನೋಟ್‌ಬುಕ್ ಹಿಡಿದು ವಿಭಾಗದ ಮುಖ್ಯಸ್ಥರನ್ನು ಕಂಡು, ಸರ್ವರ್ ಬೇಡ, ಶನಿವಾರದ ಬ್ಯಾಕಪ್ ತೆರೆದು ನೋಡುವ ಕೆಲಸವನ್ನಷ್ಟೇ ಕೊಡಿ ಎಂದು ಕೇಳಿದ್ದಳು, ಅವರು ಒಪ್ಪಿದ್ದರು. ಅಂಗೈ ಈಗಲೂ ಸ್ವಲ್ಪ ಬೆವರುತ್ತದೆ ಎಂದಳು. ಈ ಕೆಲಸದಲ್ಲಿ ರಾತ್ರಿ ಪಾಳಿ ಬರುತ್ತದೆಂಬುದು ತಂದೆಗೆ ಇನ್ನೂ ಒಪ್ಪಿಗೆಯಾಗಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ಬಗ್ಗೆ ಮಾತಾಡಲು ಇಬ್ಬರೂ ಒಟ್ಟಿಗೆ ಬರುವವರಿದ್ದಾರೆ.