ಸಸಿ ನೆಡುವ ಮೊದಲು ಕರೆಂಟ್ ಬಿಲ್ಲು ನೋಡಿ

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ಆವರಣದಲ್ಲಿ ಇಂಗಾಲದ ಹೊರಸೂಸುವಿಕೆ ತಗ್ಗಿಸಲು ಸಮಿತಿಯೊಂದು ರಚನೆಯಾಗಿದೆ. ವಿದ್ಯಾರ್ಥಿಗಳ ಪರವಾಗಿ ನಾನೂ ಅದರಲ್ಲಿದ್ದೇನೆ. ಮೊದಲ ಸಭೆಯಲ್ಲೇ ಐನೂರು ಸಸಿ ನೆಡುವ ತೀರ್ಮಾನವಾಯಿತು. ಇದರಿಂದ ಎಷ್ಟು ಉಪಯೋಗ? ಕರ್ನಾಟಕದಲ್ಲಿ ಗಾಳಿ, ಬಿಸಿಲಿನ ವಿದ್ಯುತ್ತು ಸಾಕಷ್ಟಿರುವಾಗ ನಮ್ಮ ಕರೆಂಟನ್ನೂ ಲೆಕ್ಕಕ್ಕೆ ಹಿಡಿಯಬೇಕೇ?
– ಸ್ನಾತಕೋತ್ತರ ವಿದ್ಯಾರ್ಥಿನಿ

ಉತ್ತರ: ಸಸಿ ನೆಡಿ, ಬೇಡವೆನ್ನುವುದಿಲ್ಲ. ನೆರಳಿಗೆ, ಹಕ್ಕಿಗಳಿಗೆ ಮರ ಬೇಕೇ ಬೇಕು. ಆದರೆ ಇಂಗಾಲದ ಲೆಕ್ಕದಲ್ಲಿ ಅದನ್ನು ಮುಂದೆ ನಿಲ್ಲಿಸಬೇಡಿ. ಚೆನ್ನಾಗಿ ಬೆಳೆದ ಮರವೊಂದು ವರ್ಷಕ್ಕೆ ಸುಮಾರು 20 ಕಿಲೋ ಇಂಗಾಲದ ಡೈಆಕ್ಸೈಡ್ ಹೀರುತ್ತದೆಂದು ಹಿಡಿಯುವುದು ವಾಡಿಕೆ. ಐನೂರೂ ಬದುಕಿ ಮರವಾದರೆ (ಏಪ್ರಿಲ್ ರಜೆಯಲ್ಲಿ ನೀರು ಹಾಕುವವರು ಯಾರೆಂದು ಸಭೆಯಲ್ಲಿ ಕೇಳಿದ್ದೀರಾ?) ವರ್ಷಕ್ಕೆ 10 ಟನ್.

ಈಗ ಹಾಸ್ಟೆಲಿನ ಬಚ್ಚಲುಮನೆಗೆ ಬನ್ನಿ. 20 ಲೀಟರಿನ ಒಂದು ಬಕೆಟ್ ನೀರಿನ ಬಿಸಿಯನ್ನು 20 ಡಿಗ್ರಿ ಏರಿಸಲು ಗೀಸರಿಗೆ ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ಸಾವಿರ ವಿದ್ಯಾರ್ಥಿಗಳು, ವರ್ಷಕ್ಕೆ 270 ದಿನ ಎಂದರೆ 1,35,000 ಯೂನಿಟ್. ಯೂನಿಟ್ಟಿಗೆ 0.7 ಕಿಲೋ ಇಂಗಾಲದ ಡೈಆಕ್ಸೈಡಿನಂತೆ 94 ಟನ್ ದಾಟುತ್ತದೆ, ಬರೀ ಸ್ನಾನಕ್ಕೆ!

ಈ 0.7 ಎಲ್ಲಿಂದ ಬಂತು ಎಂದರೆ, ಅಲ್ಲಿಯೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲ (ಗ್ರಿಡ್) ದೇಶದ ಉಳಿದ ಜಾಲದೊಡನೆ ಬೆಸೆದುಕೊಂಡಿತು. ಅಂದಿನಿಂದ ಇಡೀ ದೇಶಕ್ಕೆ ಒಂದೇ ಜಾಲ. ಪಾವಗಡದ ಬಿಸಿಲಿನ ವಿದ್ಯುತ್ತು ನಮ್ಮ ರಾಜ್ಯದ್ದೆಂದು ಹೆಮ್ಮೆಪಡಬಹುದು, ಆದರೆ ನಿಮ್ಮ ಗೀಸರಿಗೆ ಅದೇ ಬರುತ್ತದೆಂದು ಹೇಳಲಾಗದು. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ದೇಶದ ಸರಾಸರಿಯನ್ನೇ ಬಳಸಿ. ಕಲ್ಲಿದ್ದಲು ಹೆಚ್ಚಿರುವುದರಿಂದ ಅದು ಸದ್ಯ 0.7ರ ಆಸುಪಾಸಿನಲ್ಲಿದೆ.

ಸೋಲಾರ್ ವಾಟರ್ ಹೀಟರ್ ನಮ್ಮ ಚಾವಣಿಯಲ್ಲಿ ಆಗಲೇ ಇದೆ ಎನ್ನುತ್ತೀರೇನೋ. ಹತ್ತಿ ನೋಡಿ. ಬಹಳಷ್ಟು ಹಾಸ್ಟೆಲುಗಳಲ್ಲಿ ಕೊಳವೆಯ ಮೇಲಿನ ಹೊದಿಕೆ ಕಿತ್ತುಹೋಗಿರುತ್ತದೆ, ಗಾಜಿನ ಮೇಲೆ ಧೂಳು ಕೂತಿರುತ್ತದೆ, ಟ್ಯಾಂಕಿನೊಳಗಿನ ವಿದ್ಯುತ್ ಕಾಯಿಲ್ ಮಾತ್ರ ಹಗಲು ರಾತ್ರಿ ಉರಿಯುತ್ತಿರುತ್ತದೆ. ಕಾಯಿಲಿಗೆ ಟೈಮರ್ ಹಾಕಿಸಿ ಬೆಳಗಿನ ಜಾವ ಮಾತ್ರ ಚಾಲೂ ಆಗುವಂತೆ ಮಾಡುವುದು ತೀರಾ ಅಗ್ಗದ ಕೆಲಸ. ಹೊಸದಾಗಿ ಕೊಳ್ಳುವುದಾದರೆ ಹೀಟ್ ಪಂಪ್ ಪರಿಶೀಲಿಸಿ, ಅದು ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಸೇರಿಸುವುದರಿಂದ ಒಂದು ಯೂನಿಟ್ಟಿನಲ್ಲಿ ಸರಿಸುಮಾರು ಮೂರು ಯೂನಿಟ್ಟಿನ ಶಾಖ ಕೊಡುತ್ತದೆ.

ಉಳಿದದ್ದು ಎಲ್ಲಿ ಸೋರುತ್ತಿದೆಯೆಂದು ತಿಳಿಯಲು ಎಲೆಕ್ಟ್ರಿಷಿಯನ್ ಜೊತೆ ಮೀಟರ್ ಕೋಣೆಗೆ ಹೋಗಿ. ಭಾನುವಾರ ರಾತ್ರಿ ಹನ್ನೊಂದಕ್ಕೊಮ್ಮೆ, ಬೆಳಗಿನ ಜಾವ ನಾಲ್ಕಕ್ಕೊಮ್ಮೆ ರೀಡಿಂಗ್ ಬರೆದುಕೊಂಡು, ವ್ಯತ್ಯಾಸವನ್ನು, ರೀಡಿಂಗನ್ನು ನಿಜವಾದ ಯೂನಿಟ್ಟಿಗೆ ತರಲು ಬಿಲ್ಲಿನಲ್ಲಿ ಕೊಟ್ಟಿರುವ ಮೀಟರ್ ಕಾನ್‌ಸ್ಟಂಟ್‌ನಿಂದ ಗುಣಿಸಿ. ಎಲ್ಲರೂ ಮಲಗಿರುವಾಗಲೂ ಇಷ್ಟು ಓಡುತ್ತಿದೆಯೇ ಎಂದು ಬೆರಗಾಗುತ್ತೀರಿ. ಸರ್ವರ್ ಕೋಣೆಯ ಎಸಿ, ತುಂಬಿ ಹರಿಯುವ ಟ್ಯಾಂಕಿಗೆ ನೀರೆತ್ತುವ ಪಂಪು, ಜೀವವಿಜ್ಞಾನ ವಿಭಾಗದ ಮೈನಸ್ 80 ಡಿಗ್ರಿ ಫ್ರೀಜರು ಇವೇ ಸಾಮಾನ್ಯವಾಗಿ ಸಿಕ್ಕಿಬೀಳುವವು. ಅಂಥ ಫ್ರೀಜರೊಂದು ದಿನಕ್ಕೆ 15 ಯೂನಿಟ್‌ ನುಂಗುವುದುಂಟು. ಮಾದರಿಗಳಿಗೆ ತೊಂದರೆಯಿಲ್ಲವೆಂದು ಪ್ರಾಧ್ಯಾಪಕರು ಒಪ್ಪಿದರೆ ಮೈನಸ್ 70ರಲ್ಲಿಡಿ, ಬಳಕೆ ಗಣನೀಯವಾಗಿ ತಗ್ಗುತ್ತದೆ. ಹಳೆಯ ಫ್ಯಾನು 75 ವ್ಯಾಟ್, ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಇದು ಎಲ್ಲರಿಗೂ ಗೊತ್ತಿರುವುದೇ. ಅಂದಹಾಗೆ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕಡಿಮೆಯಾದಾಗ ಬೀಳುವ ದಂಡ ತಪ್ಪಿಸಿದ್ದನ್ನೂ ಇಂಗಾಲದ ಉಳಿತಾಯವೆಂದು ವರದಿಯಲ್ಲಿ ಬರೆದುಕೊಳ್ಳುವವರಿದ್ದಾರೆ. ಅದು ಬಹುಪಾಲು ದುಡ್ಡಿನ ಉಳಿತಾಯ ಅಷ್ಟೇ.

ಸೌರಫಲಕ ಇದೆಲ್ಲದರ ನಂತರ ಬರಲಿ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರ ಅಡಿ ಚಾವಣಿ ಬೇಕು. ಅದರಿಂದ ವರ್ಷಕ್ಕೆ ಸರಿಸುಮಾರು ಒಂದು ಟನ್ ಉಳಿಯುತ್ತದೆ.

ಪ್ರಶ್ನೆ: ಕಾಲೇಜಿನ ಡೀಸೆಲ್ ಬಸ್ಸುಗಳ ಬದಲು ವಿದ್ಯುತ್ ಬಸ್ ತಂದರೆ?
– ಆಡಳಿತ ಸಿಬ್ಬಂದಿ

ಉತ್ತರ: ಹೊಗೆ, ಸದ್ದು ಖಂಡಿತ ಕಡಿಮೆಯಾಗುತ್ತದೆ. ಇಂಗಾಲ ಅಷ್ಟಾಗಿ ಇಳಿಯದು. ಲೀಟರಿಗೆ 4 ಕಿಲೋಮೀಟರ್ ಓಡುವ ಡೀಸೆಲ್ ಬಸ್ ಕಿಲೋಮೀಟರಿಗೆ 0.67 ಕಿಲೋ ಉಗುಳುತ್ತದೆ. ಕಿಲೋಮೀಟರಿಗೆ ಒಂದು ಯೂನಿಟ್ ತಿನ್ನುವ ವಿದ್ಯುತ್ ಬಸ್ಸಿಗೆ ರಾತ್ರಿ ಜಾಲದಿಂದ ಚಾರ್ಜ್ ಮಾಡಿದರೆ ಲೆಕ್ಕ ಅಲ್ಲಿಗಲ್ಲಿಗೇ. ಬಸ್ಸುಗಳು ಬೆಳಗಿನ ಟ್ರಿಪ್ ಮುಗಿಸಿ ಸಂಜೆಯವರೆಗೆ ನಿಂತೇ ಇರುತ್ತವಲ್ಲ, ಆ ಹೊತ್ತಿನಲ್ಲಿ ನಿಮ್ಮದೇ ಚಾವಣಿಯ ಸೌರ ವಿದ್ಯುತ್ತಿನಿಂದ ಚಾರ್ಜ್ ಮಾಡುವುದಾದರೆ ಕೊಳ್ಳಿ.

ಇನ್ನೊಂದು ಮಾತು: ಎಸಿ ಮೆಕ್ಯಾನಿಕ್ ವರ್ಷಕ್ಕೆ ಎಷ್ಟು ಕಿಲೋ ಗ್ಯಾಸ್ ತುಂಬುತ್ತಾನೆಂದು ವಿಚಾರಿಸಿ. ಹಳೆಯ ಎಸಿಗಳಲ್ಲಿನ ಆರ್-22 ಎಂಬ ತಂಪುಗೊಳಿಸುವ ಗ್ಯಾಸ್ ಒಂದು ಕಿಲೋ ಸೋರಿದರೆ 1,800 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಇದಕ್ಕೆ ನಿಮ್ಮಲ್ಲಿ ರಿಜಿಸ್ಟರ್ ಇಲ್ಲದಿದ್ದರೆ ಈ ತಿಂಗಳೇ ಒಂದನ್ನು ಇಡಿ.